ಕೊನೆಯ ಸೂಜಿ ಯಾವತ್ತು? ಗರ್ಭನಿರೋಧಕ ಬಿಟ್ಟ ಮೇಲೆ ಮಗುವಿಗೆ ಕಾಯುವವರ ಲೆಕ್ಕ

ನಮ್ಮ ಅಡುಗೆಮನೆ ಗೋಡೆಯ ಒಂಟಿಕೊಪ್ಪಲ್ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಇನ್ನೊಂದು ಲೆಕ್ಕವೂ ನಡೆಯುತ್ತಿತ್ತು. ಹಾಲಿಗೆ ಪೆನ್ಸಿಲ್ ಗೀಟು, ನನ್ನ ಸೂಜಿಗೆ ಕೆಂಪು ಪೆನ್ನಿನ ಸುತ್ತು. ಮೊದಲ ಮಗುವಾದ ಮೇಲೆ ಮೂರು ತಿಂಗಳಿಗೊಂದರಂತೆ ಎಂಟು ಸೂಜಿ ಹಾಕಿಸಿಕೊಂಡೆ. ಎಂಟಕ್ಕೆ ನಿಲ್ಲಿಸಿ ಎರಡನೆಯದಕ್ಕೆ ಕಾಯತೊಡಗಿದೆವು. ಐದು ತಿಂಗಳಾಗುವುದರೊಳಗೆ ಅತ್ತೆ ಶುರು ಮಾಡಿದರು: "ಏನವ್ವಾ, ಇನ್ನೂ ಏನೂ ವಿಶೇಷ ಇಲ್ವಾ?"

"ಇನ್ನೂ ಹೊರಗೇ ಆಗಿಲ್ಲ ಅತ್ತೆ, ವಿಶೇಷ ಎಲ್ಲಿಂದ ಬರುತ್ತೆ?" ಅಂದೆ.

"ಆ ಸೂಜಿ ಗರ್ಭಕೋಶಾನೇ ಒಣಗಿಸಿಬಿಡ್ತೋ ಏನೋ. ಆವಾಗ್ಲೇ ಬೇಡ ಅಂದಿದ್ದೆ."

ಗಾಬರಿಯಾಗಿ ಒಂದು ಫರ್ಟಿಲಿಟಿ ಕ್ಲಿನಿಕ್ಕಿಗೆ ಹೋದೆವು. ಇಷ್ಟು ದಿನ ಏನು ಬಳಸುತ್ತಿದ್ದಿರಿ ಎಂದು ಕೇಳುವ ಮೊದಲೇ ಪ್ಯಾಕೇಜಿನ ದರಪಟ್ಟಿ ಮುಂದಿಟ್ಟರು. ಎದ್ದು ಬಂದು, ನನಗೆ ಸೂಜಿ ಹಾಕುತ್ತಿದ್ದ ಆರೋಗ್ಯ ಕೇಂದ್ರದ ಸಿಸ್ಟರನ್ನೇ ಕಂಡೆ. ಅವರು ಕೇಳಿದ್ದು ಒಂದೇ ಮಾತು: "ಕೊನೆಯ ಸೂಜಿ ಯಾವತ್ತು?" ತಾರೀಖು ಹೇಳಿದೆ. ಬೆರಳು ಮಡಿಸಿ ಎಣಿಸಿದರು. "ಇನ್ನೂ ನಿನ್ನ ಲೆಕ್ಕ ಶುರುವೇ ಆಗಿಲ್ಲವಲ್ಲಮ್ಮ!"

ಗರ್ಭನಿರೋಧಕ ಬಿಟ್ಟ ಹೆಂಗಸರನ್ನು ಹೆಚ್ಚು ಕಂಗೆಡಿಸುವುದು ಹೀಗೆ ತಪ್ಪು ತಾರೀಖಿನಿಂದ ಎಣಿಸಲು ಕೂರುವುದೇ ಎಂದು ನನಗೆ ಅವತ್ತಿನಿಂದ ಅನ್ನಿಸಿದೆ. ಹಾಗಾಗಿ ತಾರೀಖಿನಿಂದಲೇ ಶುರು ಮಾಡೋಣ.

ಮೊದಲ ಹೆಜ್ಜೆ: ಏನು ಬಿಟ್ಟಿರಿ, ಯಾವತ್ತು ಬಿಟ್ಟಿರಿ, ಬರೆದಿಡಿ

ಎಲ್ಲ ಗರ್ಭನಿರೋಧಕವೂ ಒಂದೇ ರೀತಿ ಮೈಯಿಂದ ಇಳಿಯುವುದಿಲ್ಲ. ಪಕ್ಕದ ಮನೆಯವರು ಮಾತ್ರೆ ಬಿಟ್ಟ ಎರಡೇ ತಿಂಗಳಿಗೆ ಬಸುರಿಯಾದರು ಎನ್ನುವುದು ಸೂಜಿ ಬಿಟ್ಟವರಿಗೆ ಅಳತೆಗೋಲಲ್ಲ.

ಸೂಜಿಯದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಗೊಂದಲವೆಲ್ಲ ಅಲ್ಲಿಯೇ. ಸರ್ಕಾರ 2017ರಿಂದ 'ಅಂತರಾ' ಹೆಸರಿನಲ್ಲಿ ಉಚಿತವಾಗಿ ಕೊಡುತ್ತಿರುವ ಚುಚ್ಚುಮದ್ದು ಡಿಎಂಪಿಎ ಎಂಬ ಹಾರ್ಮೋನಿನ ಔಷಧ. ಒಂದು ಡೋಸಿಗೆ 150 ಮಿಲಿಗ್ರಾಂ. ಔಷಧ ಸ್ನಾಯುವಿನಲ್ಲಿ ಗಡ್ಡೆಯಂತೆ ಕೂತು ದಿನವೂ ಸ್ವಲ್ಪ ಸ್ವಲ್ಪವೇ ರಕ್ತಕ್ಕೆ ಬಿಡುತ್ತಿರುತ್ತದೆ. ಮೂರು ತಿಂಗಳು ರಕ್ಷಣೆ ಎಂದರೆ ಮೂರು ತಿಂಗಳು ಖಚಿತ ಎಂದರ್ಥವೇ ಹೊರತು, ತೊಂಬತ್ತೊಂದನೆಯ ದಿನ ಬೆಳಿಗ್ಗೆ ಔಷಧ ಖಾಲಿ ಎಂದಲ್ಲ. ಉಳಿಕೆ ಕರಗಲು ಇನ್ನೂ ತಿಂಗಳುಗಟ್ಟಲೆ ಹಿಡಿಯುತ್ತದೆ. ಅಲ್ಲಿಯವರೆಗೂ ಅಂಡಾಶಯಕ್ಕೆ 'ಮೊಟ್ಟೆ ಬಿಡು' ಎನ್ನುವ ಸೂಚನೆ ಮಿದುಳಿನಿಂದ ಬರುವುದಿಲ್ಲ.

ಅಂಕಿಗಳನ್ನು ನೋಡಿ. ಸೂಜಿ ಬಿಟ್ಟು ಬಸುರಿಯಾದವರಲ್ಲಿ ಅರ್ಧದಷ್ಟು ಜನಕ್ಕೆ ಗರ್ಭ ನಿಂತದ್ದು ಕೊನೆಯ ಸೂಜಿಯಿಂದ ಸುಮಾರು 10 ತಿಂಗಳೊಳಗೆ. 12 ತಿಂಗಳಿಗೆ ಶೇ. 68, 15 ತಿಂಗಳಿಗೆ ಶೇ. 83, 18 ತಿಂಗಳಿಗೆ ಶೇ. 93. ಬೇಗ ಎಂದರೆ 4 ತಿಂಗಳು, ತಡ ಎಂದರೆ 31 ತಿಂಗಳು ಆದವರೂ ಇದ್ದಾರೆ. ಇನ್ನೊಂದು ಮಾತನ್ನು ಅತ್ತೆಯಂದಿರಿಗೆ ಓದಿ ಹೇಳಬೇಕು: ಎರಡು ಸೂಜಿ ಹಾಕಿಸಿಕೊಂಡವರಿಗೂ ಇಪ್ಪತ್ತು ಹಾಕಿಸಿಕೊಂಡವರಿಗೂ ಈ ಕಾಯುವಿಕೆಯಲ್ಲಿ ವ್ಯತ್ಯಾಸ ಕಂಡುಬಂದಿಲ್ಲ. ಔಷಧ ವರ್ಷದಿಂದ ವರ್ಷಕ್ಕೆ ಪೇರಿಕೊಳ್ಳುವುದಿಲ್ಲ, ತಡಮಾಡುವುದು ಕೊನೆಯ ಡೋಸು ಮಾತ್ರ.

ಹಾಗಾಗಿ ಮುಂದಿನ ಬೇಸಿಗೆಯಲ್ಲಿ ಮಗುವಿಗೆ ಪ್ರಯತ್ನಿಸೋಣ ಎಂದುಕೊಂಡಿದ್ದರೆ ಈ ಬೇಸಿಗೆಗೇ ಸೂಜಿ ನಿಲ್ಲಿಸಿ ನಡುವಿನ ತಿಂಗಳುಗಳಿಗೆ ಕಾಂಡೋಮ್ ಬಳಸುವುದು ಜಾಣತನ. ಸೂಜಿ ಬಿಟ್ಟ ಮೇಲೂ ಏನೂ ಆಗುವುದಿಲ್ಲ ಎಂದು ನಂಬಿ ಕೂತು ಬೇಡದ ಹೊತ್ತಿಗೆ ಬಸುರಿಯಾದವರೂ ಇದ್ದಾರೆ.

ಮಾತ್ರೆಯದು ಸುಲಭ. ಮಾಲಾ-ಎನ್ ಹಾಳೆಯಲ್ಲಿ 28 ಮಾತ್ರೆ; 21 ಬಿಳಿಯವು ಹಾರ್ಮೋನಿನವು, ಉಳಿದ 7 ಬರಿಯ ಕಬ್ಬಿಣಾಂಶದವು. ಹಾರ್ಮೋನು ಕೆಲವೇ ದಿನಗಳಲ್ಲಿ ಮೈಬಿಟ್ಟು ಹೋಗುತ್ತದೆ. ಹೆಚ್ಚಿನವರಿಗೆ ಒಂದರಿಂದ ಮೂರು ತಿಂಗಳೊಳಗೆ ಅಂಡೋತ್ಪತ್ತಿ ಮರಳುತ್ತದೆ. ಯುರೋಪಿನಲ್ಲಿ ಮಾತ್ರೆ ಬಿಟ್ಟವರನ್ನು ಗಮನಿಸಿದ ದೊಡ್ಡ ಅಧ್ಯಯನವೊಂದರಲ್ಲಿ ಮೊದಲ ಋತುಚಕ್ರದಲ್ಲೇ ಐವರಲ್ಲಿ ಒಬ್ಬರು, ವರ್ಷದೊಳಗೆ ಐವರಲ್ಲಿ ಸುಮಾರು ನಾಲ್ವರು ಬಸುರಾಗಿದ್ದರು. ಹಾಳೆ ಅರ್ಧದಲ್ಲಿ ಬಿಟ್ಟರೆ ಅಪಾಯವೇನಿಲ್ಲ, ಆದರೆ ಅಕಾಲದಲ್ಲಿ ರಕ್ತಸ್ರಾವವಾಗಿ ಲೆಕ್ಕ ಕೆಡುತ್ತದೆ. ಬಿಳಿ ಮಾತ್ರೆಗಳನ್ನು ಮುಗಿಸಿಯೇ ನಿಲ್ಲಿಸಿ. ಆಗ ಬರುವ ಮೊದಲ ಸ್ರಾವ ಮಾತ್ರೆ ನಿಂತದ್ದಕ್ಕೆ ಬಂದದ್ದು. ಅದರ ನಂತರದ್ದೇ ನಿಮ್ಮ ಸ್ವಂತ ಮುಟ್ಟು.

ಗರ್ಭಕೋಶದೊಳಗೆ ಇಡುವ, ಹಾರ್ಮೋನ್ ಇರುವ ವಂಕಿ ಹಾಕಿಸಿಕೊಂಡಿದ್ದರೆ ತೆಗೆಸಿದ ದಿನವೇ ನಿಮ್ಮ ಲೆಕ್ಕದ ಮೊದಲ ದಿನ. ತೆಗೆಯಲು ಕೆಲವೇ ನಿಮಿಷ ಸಾಕು, ಆದರೆ ದಾರ ಕೈಗೆ ಸಿಗುತ್ತದೆಂದು ಮನೆಯಲ್ಲೇ ಎಳೆಯಲು ಹೋಗಬೇಡಿ. ಅದರ ಹಾರ್ಮೋನು ಹೆಚ್ಚಾಗಿ ಗರ್ಭಕೋಶದ ಒಳಪದರದ ಮೇಲೆಯೇ ಕೆಲಸ ಮಾಡುವುದರಿಂದ ಬಹಳ ಜನಕ್ಕೆ ವಂಕಿ ಇದ್ದಾಗಲೂ ಅಂಡೋತ್ಪತ್ತಿ ನಡೆದೇ ಇರುತ್ತದೆ. ತೆಳುವಾಗಿದ್ದ ಪದರ ದಪ್ಪವಾಗಿ ಮುಟ್ಟು ಸರಿಹೋಗಲು ಒಂದೆರಡು ತಿಂಗಳು ಬೇಕಾದೀತು. ತೋಳಿನ ಚರ್ಮದಡಿ ಇಡುವ ಕಡ್ಡಿಯೂ ಹೀಗೆಯೇ: ತೆಗೆದ ಒಂದು ವಾರದಲ್ಲಿ ಅದರ ಹಾರ್ಮೋನು ಹೆಚ್ಚಿನವರ ರಕ್ತದಲ್ಲಿ ಸಿಗುವುದಿಲ್ಲ.

'ಛಾಯಾ' ಮಾತ್ರೆ ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಕಂಡುಹಿಡಿದದ್ದು. ಅದರಲ್ಲಿ ಹಾರ್ಮೋನೇ ಇಲ್ಲ. ಬಳಸುವಾಗ ಮುಟ್ಟು ಮುಂದೆ ಹೋಗುವುದರಿಂದ ಅದನ್ನೂ ಸೂಜಿಯ ಸಾಲಿಗೆ ಸೇರಿಸಿ ಹೆದರುವವರಿದ್ದಾರೆ, ಹೆದರಬೇಕಿಲ್ಲ.

ಎಲ್ಲ ಬಗೆಗಳನ್ನೂ ಒಟ್ಟು ಸೇರಿಸಿ, ಹಲವು ಅಧ್ಯಯನಗಳನ್ನು ಒಗ್ಗೂಡಿಸಿದ 2018ರ ವಿಶ್ಲೇಷಣೆಯಲ್ಲಿ ಬಿಟ್ಟ ಒಂದು ವರ್ಷದೊಳಗೆ ಬಸುರಾದವರು ಶೇ. 83. ಗರ್ಭನಿರೋಧಕ ಬಳಸದೆಯೇ ಪ್ರಯತ್ನಿಸುವ ದಂಪತಿಗಳಲ್ಲೂ ಹೆಚ್ಚುಕಡಿಮೆ ಇಷ್ಟೇ. ಹಾಗಿದ್ದೂ 'ಒಣಗುತ್ತದೆ' ಎನ್ನುವ ಮಾತು ಸಾಯುವುದಿಲ್ಲ ಏಕೆ? ನನ್ನ ಊಹೆ ಹೇಳುತ್ತೇನೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ ವಿವಾಹಿತ ಹೆಂಗಸರಲ್ಲಿ ಸುಮಾರು ಶೇ. 57 ಜನ ಆಪರೇಷನ್ ಮಾಡಿಸಿಕೊಂಡವರು. ನಮ್ಮ ಬೀದಿಯಲ್ಲಿ ಗರ್ಭನಿರೋಧಕ ಎಂದರೆ ಎರಡು ಹೆತ್ತು ಆಪರೇಷನ್, ಮುಗಿಯಿತು. ಸೂಜಿಯನ್ನೋ ಮಾತ್ರೆಯನ್ನೋ ವರ್ಷಗಟ್ಟಲೆ ಬಳಸಿ, ಬಿಟ್ಟು, ಮತ್ತೆ ಹೆತ್ತವರು ಕಣ್ಣಿಗೆ ಬೀಳುವುದು ಕಡಿಮೆ. ಕಂಡವರಿಲ್ಲದ ಕಡೆ ಕೇಳಿದ ಮಾತೇ ಓಡಾಡುತ್ತದೆ.

ಎರಡನೆಯ ಹೆಜ್ಜೆ: ಕಾಯುವ ತಿಂಗಳುಗಳನ್ನು ಖಾಲಿ ಬಿಡಬೇಡಿ

ನಿಲ್ಲಿಸುವ ದಿನದಿಂದಲೇ, ಸಾಧ್ಯವಾದರೆ ಒಂದೆರಡು ತಿಂಗಳು ಮೊದಲೇ, ಫೋಲಿಕ್ ಆಸಿಡ್ ಶುರು ಮಾಡಿ. ದಿನಕ್ಕೆ 400 ಮೈಕ್ರೊಗ್ರಾಂ ಸಾಕು. ಮಗುವಿನ ಮಿದುಳು, ಬೆನ್ನುಹುರಿಯ ನಾಳ ಮುಚ್ಚಿಕೊಳ್ಳುವುದು ಗರ್ಭ ನಿಂತ 28 ದಿನಗಳೊಳಗೆ, ಅಂದರೆ ಮುಟ್ಟು ನಿಂತಿದೆ ಎಂದು ನಿಮಗೆ ಗೊತ್ತಾಗುವ ಆಸುಪಾಸಿನಲ್ಲೇ. ಆಮೇಲೆ ನುಂಗಿದರೆ ಆ ಕೆಲಸಕ್ಕೆ ತಡ. ಮೆಡಿಕಲ್ ಶಾಪಿನಲ್ಲಿ ಸಾಮಾನ್ಯವಾಗಿ ಕೈಗೆ ಬರುವುದು 5 ಮಿಲಿಗ್ರಾಮಿನ ಮಾತ್ರೆ. ಅದು ಸಕ್ಕರೆ ಕಾಯಿಲೆ ಇರುವವರಿಗೆ, ಮೂರ್ಛೆ ರೋಗದ ಮಾತ್ರೆ ತಿನ್ನುವವರಿಗೆ, ಹಿಂದಿನ ಮಗುವಿಗೆ ಬೆನ್ನುಹುರಿ ತೊಂದರೆ ಇದ್ದವರಿಗೆ ವೈದ್ಯರು ಬರೆಯುವ ಪ್ರಮಾಣ. ಸ್ಟ್ರಿಪ್ಪಿನ ಮೇಲಿನ ಸಂಖ್ಯೆಯನ್ನು ಒಮ್ಮೆ ಓದಿ ತೆಗೆದುಕೊಳ್ಳಿ.

ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್‌ನ ಟಿಎಸ್‌ಎಚ್, ರಕ್ತದ ಗುಂಪು ಇವಿಷ್ಟನ್ನೂ ಒಂದೇ ಸಲ ರಕ್ತ ಕೊಟ್ಟು ಮುಗಿಸಬಹುದು. ಮೇಲೆ ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೇ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57 ಜನಕ್ಕೆ ರಕ್ತಹೀನತೆ. ಸೂಜಿ ಹಾಕಿಸಿಕೊಳ್ಳುತ್ತಿದ್ದಾಗ ಮುಟ್ಟು ನಿಂತು ರಕ್ತ ಉಳಿದಿರುತ್ತದೆ. ಈಗ ಮುಟ್ಟು ಮರಳುವ ಮುನ್ನ ಕಬ್ಬಿಣಾಂಶ ತುಂಬಿಸಿಕೊಳ್ಳಲು ಒಳ್ಳೆಯ ಸಮಯ. ಕಬ್ಬಿಣದ ಮಾತ್ರೆ ನುಂಗಿ ಮೇಲೊಂದು ಲೋಟ ಕಾಫಿ ಕುಡಿದರೆ ಮಾತ್ರೆಯ ಬಹುಪಾಲು ವ್ಯರ್ಥ. ನಿಂಬೆ ಪಾನಕದ ಜೊತೆ ತಗೊಳ್ಳಿ, ಕಾಫಿಗೆ ಒಂದು ಗಂಟೆ ತಡೆಯಿರಿ. ರುಬೆಲ್ಲಾ ಲಸಿಕೆ ಬೇಕಾದವರು ಈಗಲೇ ಹಾಕಿಸಿಕೊಂಡು ಒಂದು ತಿಂಗಳು ಗರ್ಭ ತಡೆಯಬೇಕು.

ಮೊದಲ ಮಗು ಇನ್ನೂ ಎದೆಹಾಲು ಕುಡಿಯುತ್ತಿದೆಯಾ? ಅದರಲ್ಲೂ ರಾತ್ರಿ? ಹಾಗಿದ್ದರೆ ಮುಟ್ಟು ತಡವಾಗುವುದಕ್ಕೆ ಸೂಜಿಯ ಜೊತೆ ಅದೂ ಕಾರಣ. ನನ್ನ ಮಗಳು ಎರಡೂವರೆ ವರ್ಷವಾದರೂ ರಾತ್ರಿಯ ಹಾಲು ಬಿಟ್ಟಿರಲಿಲ್ಲ. ಸಿಸ್ಟರ್ ಕೇಳುವವರೆಗೆ ಅದೂ ಲೆಕ್ಕಕ್ಕೆ ಬರುತ್ತದೆ ಅಂತ ನನಗೆ ಹೊಳೆದೇ ಇರಲಿಲ್ಲ.

ಮೂರನೆಯ ಹೆಜ್ಜೆ: ಮುಟ್ಟು ಬಾರದ ದಿನಗಳಲ್ಲಿ ತಿಂಗಳಿಗೊಮ್ಮೆ ಪರೀಕ್ಷೆ

ಮುಟ್ಟೇ ಬಂದಿಲ್ಲ, ಇನ್ನು ಗರ್ಭ ಎಲ್ಲಿ ಎನ್ನುತ್ತಾರೆ. ಆದರೆ ಮೊಟ್ಟೆ ಬಿಡುವುದು ಮೊದಲು, ಮುಟ್ಟು ಬರುವುದು ಅದಾಗಿ ಎರಡು ವಾರಕ್ಕೆ. ಮರಳಿ ಬಿಟ್ಟ ಮೊದಲ ಮೊಟ್ಟೆಗೇ ಗರ್ಭ ನಿಂತರೆ ನೀವು ಮುಟ್ಟನ್ನು ನೋಡುವುದೇ ಇಲ್ಲ. ಹಾಗಾಗಿ ತಿಂಗಳಿಗೊಮ್ಮೆ ಬೆಳಗಿನ ಮೊದಲ ಮೂತ್ರದಲ್ಲಿ ಪರೀಕ್ಷೆ ಮಾಡಿಕೊಳ್ಳಿ. ಆಶಾ ಕಾರ್ಯಕರ್ತೆಯರ ಹತ್ತಿರ 'ನಿಶ್ಚಯ್' ಕಿಟ್ ಉಚಿತವಾಗಿ ಸಿಗುತ್ತದೆ.

ಸೂಜಿ ಬಿಟ್ಟವರಿಗೆ ಈ ಹಂತದಲ್ಲಿ ಚೂರುಪಾರು ಕಲೆ, ಹದಿನೈದು ದಿನಕ್ಕೇ ಮತ್ತೆ ಸ್ರಾವ, ಆಮೇಲೆ ಎರಡು ತಿಂಗಳು ಏನೂ ಇಲ್ಲ, ಹೀಗೆ ಅಡ್ಡಾದಿಡ್ಡಿ ಆಗುವುದುಂಟು. ಮಾತ್ರೆ ಬಿಟ್ಟು ಮೂರು ತಿಂಗಳಾದರೂ ಮುಟ್ಟು ಬಾರದಿದ್ದರೆ, ಪರೀಕ್ಷೆಯಲ್ಲಿ ಗರ್ಭವೂ ಇಲ್ಲದಿದ್ದರೆ, ವೈದ್ಯರನ್ನು ನೋಡಬೇಕು. ಮುಟ್ಟು ತಪ್ಪಿದ ಜೊತೆಗೆ ಕಿಬ್ಬೊಟ್ಟೆಯ ಒಂದು ಬದಿ ಜೋರಾಗಿ ನೋಯುವುದು, ತಲೆ ಸುತ್ತಿ ಬೀಳುವಂತಾಗುವುದು ಕಂಡರೆ ಮಾತ್ರ ಬೆಳಗಾಗಲಿ ಎಂದು ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ. ಗರ್ಭ ನಾಳದಲ್ಲೇ ಸಿಕ್ಕಿಕೊಂಡಿದ್ದರೆ ಜೀವಕ್ಕೇ ಅಪಾಯ.

ಮಾತ್ರೆ ಬಿಟ್ಟ ತಿಂಗಳೇ ಗರ್ಭ ನಿಂತರೆ ಮಗುವಿಗೆ ತೊಂದರೆ, ಮೈ 'ಶುದ್ಧ'ವಾಗಲು ಮೂರು ತಿಂಗಳು ಬಿಡಬೇಕು ಎನ್ನುವುದಕ್ಕೆ ಆಧಾರವಿಲ್ಲ. ಒಂದು ಸಹಜ ಮುಟ್ಟಿನ ನಂತರ ಪ್ರಯತ್ನಿಸಿ ಎಂದು ವೈದ್ಯರು ಹೇಳಿದರೆ ಅದು ದಿನದ ಲೆಕ್ಕ ಸಿಗಲಿ ಎಂದು ಅಷ್ಟೇ. ಹಾರ್ಮೋನು ತೊಳೆಯುವ ಡಿಟಾಕ್ಸ್ ಪುಡಿಗಳನ್ನು ಮಾರುವವರಿಗೆ ನಾನು ಒಂದೇ ಮಾತು ಕೇಳುತ್ತೇನೆ: ಮಾತ್ರೆಯ ಹಾರ್ಮೋನನ್ನು ಲಿವರ್ ಕೆಲವೇ ದಿನಗಳಲ್ಲಿ ತಾನೇ ತೊಳೆದಿರುವಾಗ, ನಿಮ್ಮ ಪುಡಿ ತೊಳೆಯುವುದು ಏನನ್ನು, ನಮ್ಮ ಪರ್ಸನ್ನಾ?

ನಾಲ್ಕನೆಯ ಹೆಜ್ಜೆ: ಫಲವತ್ತಾದ ದಿನಗಳನ್ನು ಗುರುತಿಸುವುದು

ತಿಂಗಳಿಗೆ ಗರ್ಭ ನಿಲ್ಲಬಹುದಾದ ದಿನಗಳು ಆರೇ ಆರು: ಮೊಟ್ಟೆ ಬಿಡುವ ದಿನ ಮತ್ತು ಅದರ ಹಿಂದಿನ ಐದು ದಿನ. ವೀರ್ಯಾಣು ಒಳಗೆ ಐದು ದಿನದವರೆಗೂ ಬದುಕಿರಬಲ್ಲದು, ಮೊಟ್ಟೆಯ ಆಯಸ್ಸು ಮಾತ್ರ ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆ. ಆದ್ದರಿಂದ ವೀರ್ಯಾಣು ಮೊದಲೇ ಹೋಗಿ ಕಾದಿರಬೇಕು.

ಹದಿನಾಲ್ಕನೆಯ ದಿನ ಎನ್ನುವ ಲೆಕ್ಕ 28 ದಿನಕ್ಕೆ ಸರಿಯಾಗಿ ಮುಟ್ಟಾಗುವವರದ್ದು. ನಿಮ್ಮದು 35 ದಿನದ ಚಕ್ರವಾದರೆ ಅಂಡೋತ್ಪತ್ತಿ ಇಪ್ಪತ್ತೊಂದರ ಸುಮಾರಿಗೆ, ಏಕೆಂದರೆ ಮುಂದಿನ ಮುಟ್ಟಿನಿಂದ ಹಿಂದಕ್ಕೆ ಹದಿನಾಲ್ಕು ಎಣಿಸಬೇಕು. ಮುಂದಿನ ಮುಟ್ಟೇ ಯಾವಾಗ ಎಂದು ತಿಳಿಯದ ಹೊಸತರಲ್ಲಿ ಈ ಎಣಿಕೆಯಿಂದಾಗಲಿ ಮೊಬೈಲಿನ ಆ್ಯಪ್‌ನಿಂದಾಗಲಿ ಪ್ರಯೋಜನ ಕಡಿಮೆ. ನನ್ನ ಫೋನಿನ ಆ್ಯಪ್ ಮೂರು ತಿಂಗಳು ಸತತವಾಗಿ 'ಇಂದು ಶುಭದಿನ' ಎಂದು ತೋರಿಸಿತು, ಮೂರು ಸಲವೂ ಸುಳ್ಳು.

ಮೈಯೇ ಕೊಡುವ ಗುರುತು ಅದಕ್ಕಿಂತ ವಾಸಿ. ಬಿಳಿ ಹೋಗುವುದನ್ನು ಗಮನಿಸಿ. ಮುಟ್ಟು ಮುಗಿದ ಮೇಲೆ ಕೆಲವು ದಿನ ಒಣ. ಆಮೇಲೆ ಮೊಸರಿನಂತೆ ಮಂದ, ಅಂಟು. ಅಂಡೋತ್ಪತ್ತಿ ಹತ್ತಿರವಾದಂತೆ ಅದು ತಿಳಿಯಾಗಿ, ಜಾರುತ್ತಾ, ಎರಡು ಬೆರಳ ನಡುವೆ ಎಳೆದರೆ ಕಡಿಯದೆ ದಾರದಂತೆ ಬರುತ್ತದೆ. ಪುಸ್ತಕಗಳು ಮೊಟ್ಟೆಯ ಬಿಳಿಯ ಹಾಗೆ ಎನ್ನುತ್ತವೆ. ಮೊಟ್ಟೆ ಮುಟ್ಟದ ಮನೆಯವರು ಲೋಳೆಸರದ ಎಲೆ ಮುರಿದಾಗ ಎಳೆಯಾಗಿ ಇಳಿಯುವ ಲೋಳೆಯನ್ನು ನೆನೆಸಿಕೊಳ್ಳಿ, ಅದೇ. ಸೂಜಿಯ ಕಾಲದಲ್ಲಿ ಇದು ಸಾಮಾನ್ಯವಾಗಿ ಕಾಣುವುದೇ ಇಲ್ಲ. ಒಂದು ದಿನ ಬಚ್ಚಲಲ್ಲಿ ಅದು ಕಂಡಾಗ ನಾನು ನಿಂತಲ್ಲೇ ನಿಂತೆ. ಕೊನೆಯ ಸೂಜಿಯಾಗಿ ಎಂಟನೆಯ ತಿಂಗಳು. ಸಂಜೆ ಕ್ಯಾಲೆಂಡರಿನಲ್ಲಿ ಸುತ್ತಿನ ಬದಲು ಒಂದು ನಕ್ಷತ್ರ ಬರೆದೆ. ಅತ್ತೆ ಅದನ್ನು ನೋಡಿ, ಹಾಲಿನವನಿಗೆ ಹೆಚ್ಚುವರಿ ಅರ್ಧ ಲೀಟರ್ ದುಡ್ಡು ಕೊಟ್ಟರು.

ಬಿಳಿ ಹೋಗುವಾಗ ತುರಿಕೆ, ವಾಸನೆ, ಹಸಿರು ಬಣ್ಣ ಇದ್ದರೆ ಅದು ಸೋಂಕು, ಚಿಕಿತ್ಸೆ ಬೇಕು. ಎಲ್‌ಎಚ್ ಪಟ್ಟಿ (ಅಂಡೋತ್ಪತ್ತಿಯ ಸುಳಿವನ್ನು ಮೂತ್ರದಲ್ಲಿ ತೋರಿಸುವ ಪಟ್ಟಿ) ಬಳಸುವವರು ಮಧ್ಯಾಹ್ನದ ಮೂತ್ರದಲ್ಲಿ ನೋಡಿ. ಗೆರೆ ಗಾಢವಾದ ಒಂದೂವರೆ ದಿನದೊಳಗೆ ಮೊಟ್ಟೆ ಬಿಡುತ್ತದೆ. ಪಿಸಿಒಡಿ (ಹಾರ್ಮೋನಿನ ಏರುಪೇರಿನಿಂದ ಅಂಡೋತ್ಪತ್ತಿ ತಪ್ಪುವ ತೊಂದರೆ) ಇದ್ದವರಿಗೆ ಈ ಪಟ್ಟಿ ಸುಮ್ಮನೆ ಗೆರೆ ತೋರಿಸಿ ಮೋಸ ಮಾಡಬಹುದು. ಇದೆಲ್ಲ ರಗಳೆ ಎನಿಸಿದರೆ ಬಿಟ್ಟುಬಿಡಿ. ಎರಡು ಮೂರು ದಿನಕ್ಕೊಮ್ಮೆ ಗಂಡಹೆಂಡತಿ ಸೇರಿದರೆ ಆರು ದಿನದ ಕಿಟಕಿ ತಪ್ಪುವುದಿಲ್ಲ. ತಾರೀಖು ನೋಡಿ ಗಂಡನಿಗೆ ಆರ್ಡರ್ ಮಾಡುವ ಮನೆಯಲ್ಲಿ ಎರಡನೆಯ ತಿಂಗಳಿಗೇ ಜಗಳ ಶುರುವಾಗುತ್ತದೆ.

ಐದನೆಯ ಹೆಜ್ಜೆ: ಹಳೆಯ ತೊಂದರೆ ತಲೆಯೆತ್ತಿದರೆ

"ಮಾತ್ರೆ ತಿಂದೇ ನನಗೆ ಪಿಸಿಒಡಿ ಬಂತು" ಎನ್ನುವವರನ್ನು ಒಂದು ಮಾತು ಕೇಳಬೇಕು: ಮಾತ್ರೆ ಶುರು ಮಾಡುವ ಮೊದಲು ಮುಟ್ಟು ಹೇಗಿತ್ತು? ಎಷ್ಟೋ ಸಲ ಉತ್ತರ, "ಆಗಲೂ ಎರಡೆರಡು ತಿಂಗಳು ಮುಂದೆ ಹೋಗ್ತಿತ್ತು, ಅದಕ್ಕೇ ಡಾಕ್ಟರ್ ಮಾತ್ರೆ ಕೊಟ್ಟಿದ್ದು." ಮಾತ್ರೆ ಗಡಿಯಾರದಂತೆ ತಿಂಗಳಿಗೊಮ್ಮೆ ಸ್ರಾವ ತರಿಸಿ ಒಳಗಿನ ಏರುಪೇರನ್ನು ಮುಚ್ಚಿಟ್ಟಿತ್ತು, ಬಿಟ್ಟ ಮೇಲೆ ಹಳೆಯದು ಹಾಗೆಯೇ ಎದ್ದು ಬಂದಿದೆ. ಇಂಥವರು ವರ್ಷ ಕಾಯಬೇಕಿಲ್ಲ. ಮೂರ್ನಾಲ್ಕು ತಿಂಗಳಲ್ಲೇ ವೈದ್ಯರಿಗೆ ಹಿಂದಿನ ಕತೆಯನ್ನೆಲ್ಲ ಹೇಳಿ. ತೂಕ ಹೆಚ್ಚಿದ್ದರೆ ನೂರಕ್ಕೆ ಐದರಷ್ಟು ಇಳಿಸಿದರೂ ಎಷ್ಟೋ ಜನರಿಗೆ ಅಂಡೋತ್ಪತ್ತಿ ಮರಳುತ್ತದೆ. ಸೂಜಿಯಿಂದ ತೂಕ ಏರಿದವರಿಗೂ ಈ ಮಾತು ಸಲ್ಲುತ್ತದೆ.

ಮೊಟ್ಟೆ ಬಿಡಿಸುವ ಲೆಟ್ರೊಜೋಲ್, ಕ್ಲೊಮಿಫೀನ್ ಮಾತ್ರೆಗಳನ್ನು ಗೆಳತಿಯ ಚೀಟಿ ತೋರಿಸಿ ತಂದು ನುಂಗುವವರಿದ್ದಾರೆ. ಬೇಡ. ಸ್ಕ್ಯಾನಿನ ಕಣ್ಗಾವಲಿಲ್ಲದೆ ತಿನ್ನುವ ಮಾತ್ರೆಗಳಲ್ಲ ಅವು.

ಇನ್ನು ಗಂಡಸರ ಮಾತು. ಹೆಂಗಸಿಗೆ ನಾಲ್ಕು ಸ್ಕ್ಯಾನ್, ಹತ್ತು ರಕ್ತಪರೀಕ್ಷೆ ಆದ ಮೇಲೂ ವೀರ್ಯ ಪರೀಕ್ಷೆ ಆಗಿರುವುದಿಲ್ಲ. ಅಗ್ಗದ್ದು, ನೋವಿಲ್ಲದ್ದು ಅದು. ಎರಡರಿಂದ ಏಳು ದಿನ ಸೇರದೆ ಇದ್ದು ಕೊಡಬೇಕು. ಒಂದು ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಇಂದು ಗುಟ್ಕಾ, ಬೀಡಿ ಬಿಟ್ಟರೆ ಫಲ ಕಾಣುವುದು ಮೂರನೆಯ ತಿಂಗಳಿಗೆ. ನೀವು ಸೂಜಿ ನಿಲ್ಲಿಸುವ ದಿನವೇ ಅವರೂ ನಿಲ್ಲಿಸಿದರೆ ಇಬ್ಬರ ಲೆಕ್ಕವೂ ಸೇರುತ್ತದೆ.

ಆರನೆಯ ಹೆಜ್ಜೆ: ಯಾವಾಗ ವೈದ್ಯರ ಬಳಿ?

ವಯಸ್ಸು 35ರೊಳಗಿದ್ದರೆ ಒಂದು ವರ್ಷದ ಪ್ರಯತ್ನದ ನಂತರ, 35 ದಾಟಿದ್ದರೆ ಆರು ತಿಂಗಳಿಗೆ, 40 ದಾಟಿದ್ದರೆ ನಿಲ್ಲಿಸುವ ಮೊದಲೇ. ಗರ್ಭನಿರೋಧಕ ಮೊಟ್ಟೆಗಳನ್ನು ಕೂಡಿಡುವುದೂ ಇಲ್ಲ, ಹಾಳು ಮಾಡುವುದೂ ಇಲ್ಲ. ಇಪ್ಪತ್ತೆಂಟಕ್ಕೆ ಮಾತ್ರೆ ಶುರು ಮಾಡಿ ಮೂವತ್ತಾರಕ್ಕೆ ಬಿಟ್ಟವರಿಗೆ ತಡವಾದರೆ ಅದು ಆ ಎಂಟು ವರ್ಷ ವಯಸ್ಸಾದದ್ದರ ಪರಿಣಾಮ. ಸೂಜಿ ಬಿಟ್ಟವರು, ವಯಸ್ಸು ಕಡಿಮೆಯಿದ್ದು ಮುಟ್ಟು ಮರಳುತ್ತಿದ್ದರೆ, ಕೊನೆಯ ಸೂಜಿಯಿಂದ ಹದಿನೆಂಟು ತಿಂಗಳವರೆಗೂ ಗಾಬರಿಯಿಲ್ಲದೆ ನೋಡಬಹುದು.

ಹೋಗುವಾಗ ಅಂತರಾ ಕಾರ್ಡ್ ಇದ್ದರೆ ಅದು, ಮುಟ್ಟಿನ ತಾರೀಖುಗಳು, ಹಳೆಯ ಥೈರಾಯ್ಡ್ ವರದಿ, ಗಂಡ, ಇವಿಷ್ಟೂ ಜೊತೆಗಿರಲಿ. ಮೊದಲ ಭೇಟಿಯಲ್ಲೇ ಐವಿಎಫ್ (ಪ್ರನಾಳ ಶಿಶು ಚಿಕಿತ್ಸೆ) ಎಂದರೆ, ಕೊನೆಯ ಡೋಸಿನ ತಾರೀಖನ್ನು ಅವರು ಕೇಳಿದರೇ ಎಂದು ಗಮನಿಸಿ. ಅಂಡೋತ್ಪತ್ತಿ ಆಗುತ್ತಿದೆಯೇ, ನಾಳಗಳು ತೆರೆದಿವೆಯೇ, ವೀರ್ಯ ಸರಿಯಿದೆಯೇ ಎಂಬ ಮೂರು ಪ್ರಶ್ನೆಗೆ ಉತ್ತರ ಸಿಗುವ ಮೊದಲು ದೊಡ್ಡ ದುಡ್ಡಿನ ಮಾತಿಗೆ ಹೂಂ ಅನ್ನಬೇಡಿ.

ಗೆರೆ ಎರಡು ಬಂದಾಗ

ಡಾಕ್ಟರ್ ಕೇಳುವ ಮೊದಲ ಪ್ರಶ್ನೆ, "ಕೊನೆಯ ಮುಟ್ಟು ಯಾವತ್ತು?" ಸೂಜಿ ಬಿಟ್ಟವರ ಹತ್ತಿರ ಇದಕ್ಕೆ ಖಚಿತ ಉತ್ತರ ಇರುವುದಿಲ್ಲ. ಊಹೆಯ ತಾರೀಖು ಕೊಟ್ಟರೆ ಹೆರಿಗೆಯ ದಿನವೇ ತಪ್ಪಿ, ಕೊನೆಯಲ್ಲಿ ದಿನ ತುಂಬಿತೋ ಇಲ್ಲವೋ ಎಂಬ ಗೊಂದಲವಾಗುತ್ತದೆ. ಗೊತ್ತಿಲ್ಲ, ಸೂಜಿ ಬಿಟ್ಟಿದ್ದೆ ಎಂದು ನೇರವಾಗಿ ಹೇಳಿ. ಮೂರು ತಿಂಗಳೊಳಗೆ ಮಾಡಿಸುವ ಸ್ಕ್ಯಾನಿನಲ್ಲಿ ಮಗುವಿನ ತಲೆಯಿಂದ ಕುಂಡಿಯವರೆಗಿನ ಅಳತೆ ಹಿಡಿದು ದಿನ ಲೆಕ್ಕ ಹಾಕುತ್ತಾರೆ, ಅದೇ ಹೆಚ್ಚು ನಂಬಿಕೆಯದು. ನಾನು ಗಟ್ಟಿಯಾಗಿ ಮುಟ್ಟು ಎಂದು ಕಂಡದ್ದು ಎರಡೇ ಸಲ, ಅವೂ ನಲವತ್ತೈದು ದಿನ ಅಂತರದಲ್ಲಿ. ನನ್ನ ಎಣಿಕೆಯಲ್ಲಿ ಒಂಬತ್ತು ವಾರ, ಸ್ಕ್ಯಾನಿನಲ್ಲಿ ಏಳು. ತಾಯಿ ಕಾರ್ಡಿನಲ್ಲಿ ಸಿಸ್ಟರ್ ಬರೆದದ್ದು ಸ್ಕ್ಯಾನಿನ ತಾರೀಖನ್ನೇ.